ಟರ್ಫ್ ಲೈಟು, ಬೆಡ್‌ರೂಮು ಮತ್ತು ನಿದ್ದೆ: ಲೈಟಿಂಗ್ ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಇಂಜಿನಿಯರ್: ಮೈದಾನದ ಫ್ಲಡ್‌ಲೈಟ್ ಬಗ್ಗೆ ಕೇಳಿ. ಕಂಬದ ಎತ್ತರ, ಕಿಟಕಿ ಎಷ್ಟು ದೂರ, ಎರಡೂ ಬರೆಯಿರಿ.

ಮೂರನೇ ಮಹಡಿ, ಬೆಂಗಳೂರು: ಪಕ್ಕದಲ್ಲೇ ಬಾಕ್ಸ್ ಕ್ರಿಕೆಟ್ ಟರ್ಫ್, ಅಂದರೆ ಬಲೆ ಕಟ್ಟಿದ ಬಾಡಿಗೆ ಮೈದಾನ. ನಾವು ಜಗಳ ಆಡಿದ ಮೇಲೆ 30 ಅಡಿ ಕಂಬವನ್ನು 15 ಅಡಿಗೆ ಇಳಿಸಿದರು. ಈಗ ಕಣ್ಣಿಗೆ ಮೊದಲಿಗಿಂತ ಜಾಸ್ತಿ ಹೊಡೆಯುತ್ತಿದೆ!

ಇಂಜಿನಿಯರ್: ಹೊಡೆಯದೇ ಇರುತ್ತಾ? ಕಂಬ ಗಿಡ್ಡ ಆದರೆ ಮೈದಾನದ ನಡುವಿಗೆ ಬೆಳಕು ಮುಟ್ಟಿಸಲು ಲೈಟಿನ ಮುಖ ಮೇಲಕ್ಕೆತ್ತಲೇಬೇಕು. ಮೈದಾನದ ನಡು 15 ಮೀಟರ್ ದೂರ ಅಂದುಕೊಳ್ಳಿ. 9 ಮೀಟರ್ (ನಿಮ್ಮ 30 ಅಡಿ) ಕಂಬದಿಂದ ಬೆಳಕು ಸುಮಾರು 31 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. 4.5 ಮೀಟರಿನಿಂದ (15 ಅಡಿ) ಬರೀ 17. ಅಂದರೆ ಬಹುತೇಕ ಅಡ್ಡಡ್ಡ. ಅದರಲ್ಲಿ ಒಂದು ಪಾಲು ಮೈದಾನ ದಾಟಿ ಎದುರಿನ ಮನೆಗಳಿಗೇ. ಆಡುವವರ ಕಣ್ಣಿಗೂ ಅದೇ.

ಕಂಬ ಮತ್ತೆ ಎತ್ತರಿಸಲಿ. ಲೈಟು ಅಸಿಮೆಟ್ರಿಕ್ ಬೀಮ್‌ನದು ಇರಲಿ. ಅದರ ಗಾಜನ್ನು ನೆಲಕ್ಕೆ ಸಮವಾಗಿ ಇಟ್ಟರೂ ಬೆಳಕು ಮುಂದಕ್ಕೆ ಚೆಲ್ಲುತ್ತದೆ. ಆಗ ಲೈಟಿಗಿಂತ ಮೇಲಿರುವ ಕಿಟಕಿಗೆ ನೇರ ಬೆಳಕೇ ಇಲ್ಲ. ಹುಲ್ಲುಹಾಸಿನಿಂದ ಪುಟಿದದ್ದು ಅಷ್ಟೇ. ಬಣ್ಣ 6500 ಕೆಲ್ವಿನ್ (ನೀಲಿ ಛಾಯೆಯ ಬಿಳಿ) ಬೇಡ, 4000 ಸಾಕು, ಅದರಲ್ಲಿ ನೀಲಿ ಕಮ್ಮಿ. ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತದೆ, ಆಕಾಶವೂ ಬೆಳ್ಳಗಾಗುತ್ತದೆ.

ಮೈಸೂರು: ಎಲ್‌ಇಡಿ ಮೇಲೆ ಹಳದಿ ಜಿಲೇಟಿನ್ ಪೇಪರ್ ಸುತ್ತಿದರೆ ಸಾಕಂತೆ. ಫಾರ್ವರ್ಡ್ ಬಂದಿದೆ.

ಇಂಜಿನಿಯರ್: ಸುತ್ತಬೇಡಿ. ಬಿಸಿ ಹೊರಗೆ ಹೋಗಲ್ಲ, ಪೇಪರ್ ಕರಗುತ್ತದೆ. ದಿಕ್ಕು ತಪ್ಪಿದ ಲೈಟು ಹಳದಿ ಆದರೂ ತಪ್ಪೇ.

ಹುಬ್ಬಳ್ಳಿ: ನಮ್ಮಲ್ಲೂ ಕಂಬ ಗಿಡ್ಡ ಮಾಡಿಸೋಣ ಅಂತಿದ್ದೇವೆ...

ಇಂಜಿನಿಯರ್: ಮೇಲೆ ಓದಿ.

ಟರ್ಫ್ ಮಾಲೀಕ: ಬೆಳಕು ಕಮ್ಮಿ ಮಾಡಿದರೆ ಬಾಲ್ ಕಾಣಲ್ಲ. ನಿಮಗೆ ಪರದೆ ಹಾಕೋಕೆ ಏನು ಕಷ್ಟ?

ಮೂರನೇ ಮಹಡಿ: ಏಪ್ರಿಲ್‌ನಲ್ಲಿ ಕಿಟಕಿ ಮುಚ್ಚಿ ಮಲಗಿ ನೋಡಿ.

ಟರ್ಫ್ ಮಾಲೀಕ: ಹಾಗಾದರೆ ಹಳ್ಳಿಗೆ ಹೋಗಿ. ಮಕ್ಕಳು ಆಡಬಾರದಾ?

ಮೂರನೇ ಮಹಡಿ: ರಾತ್ರಿ ಹನ್ನೊಂದೂವರೆಗೆ ಆಡೋರು ಮಕ್ಕಳಾ? ಆಫೀಸಿನವರು ಸ್ವಾಮಿ.

ಇಂಜಿನಿಯರ್: ಬೆಳಕು ಕಮ್ಮಿ ಮಾಡಿ ಅಂದವರು ಯಾರು? ತಿರುಗಿಸಿ ಅಂದೆ. ಯುರೋಪಿನ ಮಾನದಂಡದಲ್ಲಿ ಹವ್ಯಾಸಿ ಫುಟ್‌ಬಾಲಿಗೆ 75 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ). ಕ್ರಿಕೆಟಿಗೆ ಜಾಸ್ತಿ ಬೇಕು, ಒಪ್ಪುತ್ತೇನೆ. ಆದರೆ ಅದು ಪಿಚ್ ಮೇಲೆ ಬೀಳಲಿ. ಬೆಳಕಿನ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಿಐಇ ಸಂಸ್ಥೆಯ 2017ರ ಮಾರ್ಗಸೂಚಿ ಪ್ರಕಾರ ಉಪನಗರದ ಮನೆ ಕಿಟಕಿಯ ಮೇಲೆ 10 ಲಕ್ಸ್ ದಾಟಬಾರದು, ನಿಗದಿತ ರಾತ್ರಿ ಹೊತ್ತಿನ ನಂತರ 2. ಅದು ನಮ್ಮಲ್ಲಿ ಕಾನೂನಲ್ಲ. ಆದರೆ ಕೂತು ಮಾತಾಡಲು ಒಂದು ಅಳತೆ ಸಿಗುತ್ತದೆ.

ಮೈಸೂರು: ಮೊಬೈಲ್ ಆ್ಯಪ್‌ನಲ್ಲಿ ಅಳೆದೆ, 40 ಬಂತು.

ಇಂಜಿನಿಯರ್: ಆ ಅಂಕಿ ನಂಬಬೇಡಿ. ಲೈಟ್ ಆನ್ ಇದ್ದಾಗ, ಆಫ್ ಆದಾಗ ಒಂದೇ ಫೋನಿನಲ್ಲಿ ನೋಡಿ ಹೋಲಿಸಿ, ಅಷ್ಟೇ.

ಶಿವಮೊಗ್ಗ: ಕೆರೆ ಪಕ್ಕದ ಮೈದಾನ ಸರ್. ಹಕ್ಕಿಗಳಿಗೆ ತೊಂದರೆ ಆಗುತ್ತಾ?

ಟರ್ಫ್ ಮಾಲೀಕ: ಈಗ ಹಕ್ಕಿಗೂ ಪರ್ಮಿಷನ್ನಾ!

ಮೂರನೇ ಮಹಡಿ: ನಿಮ್ಮ ಟರ್ಫಿಗೆ ಪರ್ಮಿಷನ್ ಇದೆಯಾ, ಮೊದಲು ಅದು ಹೇಳಿ.

ಹುಬ್ಬಳ್ಳಿ: ಸರ್, ಬ್ಲೂ ಕಟ್ ಕನ್ನಡಕ ಹಾಕಿ ಮಲಗಿದರೆ?

ಇಂಜಿನಿಯರ್: ಕನ್ನಡಕ ಹಾಕಿಕೊಂಡು ಯಾರ್ರೀ ಮಲಗ್ತಾರೆ? ಜಗಳ ಆಡೋರು ಇನ್‌ಬಾಕ್ಸಿಗೆ ಹೋಗಿ. ಕಂಬದ ಎತ್ತರ ಬರೆಯದ ಪ್ರಶ್ನೆಗೆ ಇನ್ನು ಉತ್ತರ ಇಲ್ಲ.