ನೀಲಗಿರಿ ಕಡಿದಾಯ್ತು, ಬೊಡ್ಡೆ ಕೀಳಿಸೋಕೆ ಜೆಸಿಬಿಯೋ ಹಿಟಾಚಿಯೋ? (ರೈತರ ಗುಂಪಿನ ಪ್ರಶ್ನೋತ್ತರ)

ಪ್ರಶ್ನೆ (ಶ್ರೀನಿವಾಸಪುರ ತಾಲ್ಲೂಕಿನ ರೈತರು): 2 ಎಕರೆ ನೀಲಗಿರಿ ತೋಪು. ಮೂರು ಸಲ ಕೂಳೆ (ಕಡಿದ ಬುಡದ ಮರುಚಿಗುರು) ಬಿಟ್ಟು ಕಡಿದಿದ್ದೇವೆ, ಹೋದ ತಿಂಗಳು ಕೊನೇ ಕಟಾವು ಮುಗೀತು. 2 ಮೀಟರ್‌ಗೆ 3 ಮೀಟರ್ ಅಂತರ, ಬೊಡ್ಡೆ ಒಂದರಿಂದ ಒಂದೂವರೆ ಅಡಿ ದಪ್ಪ, ಕೆಂಪು ಮಣ್ಣು. ಮುಂದೆ ಮಾವು ಇಡಬೇಕು. ಜೆಸಿಬಿಯವರು ಗಂಟೆಗೆ 1,200 ಕೇಳ್ತಾರೆ. 20 ಟನ್ ಹಿಟಾಚಿಯವರು (ಚೈನ್ ಮೇಲೆ ಓಡೋ ದೊಡ್ಡ ಯಂತ್ರ) ಗಂಟೆಗೆ 2,200, ಟ್ರೈಲರ್‌ಗೆ ಬೇರೆ 8,000. ಮೂರನೆಯವರೊಬ್ಬರು "ಬೊಡ್ಡೆ ನಮಗೇ ಬಿಡಿ, ಕೂಲಿ ಬೇಡ" ಅಂತಾರೆ. ಯಾರಿಗೆ ಒಪ್ಪಿಸೋದು?

ಉತ್ತರ (ಮಣ್ಣು ಕೆಲಸದ ಗುತ್ತಿಗೆದಾರರು): ಗಂಟೆ ದರ ನೋಡಿ ತೀರ್ಮಾನ ಮಾಡಬೇಡಿ, ಗಂಟೆಗೆ ಎಷ್ಟು ಬೊಡ್ಡೆ ಏಳುತ್ತೆ ಅಂತ ನೋಡಿ. ನಿಮ್ಮ ಅಂತರಕ್ಕೆ 2 ಎಕರೆಯಲ್ಲಿ ಸುಮಾರು 1,350 ಬೊಡ್ಡೆ ಇರುತ್ತೆ. ಮೂರು ಕೂಳೆ ಕಂಡ ಬೊಡ್ಡೆಗೆ ಜೆಸಿಬಿ ಸುತ್ತಲೂ ಬಗೆದು ಎತ್ತೋಕೆ ನಾಲ್ಕು ನಿಮಿಷ ಬೇಕು ಅಂದ್ಕೊಳ್ಳಿ. ಗಂಟೆಗೆ 15, ಒಟ್ಟು 90 ಗಂಟೆ, 1,08,000 ರೂಪಾಯಿ. ಹಿಟಾಚಿ ಗಂಟೆಗೆ 45 ಎತ್ತಿದರೆ 30 ಗಂಟೆ, 66,000, ಟ್ರೈಲರ್ ಸೇರಿ 74,000. ಇದು ಅಂದಾಜು ಲೆಕ್ಕ. ನಿಮ್ಮ ಹೊಲದ ಲೆಕ್ಕ ಬೇಕಾದರೆ ಜೆಸಿಬಿಯನ್ನ ಒಂದೇ ಒಂದು ಗಂಟೆ ಕರೆಸಿ, ಹೊಲದ ಅಂಚಲ್ಲಲ್ಲ, ನಡುವೆ ದಪ್ಪ ಬೊಡ್ಡೆ ಇರೋ ಸಾಲಲ್ಲಿ ಬಿಟ್ಟು ಎಣಿಸಿ. ಗಂಟೆಗೆ 22 ದಾಟಿದರೆ ಜೆಸಿಬಿನೇ ಸಾಕು. ದಾಟದಿದ್ದರೆ ಹಿಟಾಚಿ.

ಗಂಟೆಗೆ ಎಷ್ಟು ಏಳುತ್ತೆ ಅನ್ನೋದನ್ನ ಯಂತ್ರದ ಜೊತೆಗೆ ನಿರ್ಧರಿಸೋದು ಮಣ್ಣಿನ ಹದ. ಬೇಸಿಗೆಯಲ್ಲಿ ಒಣಗಿದ ಕೆಂಪು ಮಣ್ಣು ಬೇರನ್ನ ಗಾರೆ ಹಾಕಿದಂಗೆ ಹಿಡ್ಕೊಂಡಿರುತ್ತೆ. ಒಳ್ಳೆ ಹದ ಮಳೆ ಬಿದ್ದು ಮೂರು ನಾಲ್ಕು ದಿನ ಆದ್ಮೇಲೆ ಅದೇ ಬೊಡ್ಡೆ ಅರ್ಧ ಹೊತ್ತಲ್ಲಿ ಏಳುತ್ತೆ. ಮೇ ತಿಂಗಳ ಮಳೆಗೆ ಕಾದರೆ ಅಷ್ಟರಲ್ಲಿ ಚಿಗುರು ಬರುತ್ತೆ, ಬರಲಿ ಬಿಡಿ, ಅದರಿಂದ ಕೆಲಸಕ್ಕೇನೂ ಅಡ್ಡಿಯಿಲ್ಲ.

ಎತ್ತೋ ರೀತಿ ಆಪರೇಟರ್‌ಗೆ ಮೊದಲೇ ಹೇಳಿ. ಅಗಲ ಬಕೆಟ್ ಬೇಡ, ಒಂದೂವರೆ ಎರಡು ಅಡಿಯ ಹಲ್ಲಿನ ಬಕೆಟ್ ಹಾಕಿಸಿ. ಬುಡದಿಂದ ಒಂದೂವರೆ ಅಡಿ ದೂರದಲ್ಲಿ ಮೂರು ಕಡೆ ಬಗೆದು ಪಕ್ಕದ ಬೇರು ಹರಿದು, ಆಮೇಲೆ ಹಲ್ಲನ್ನ ಬೊಡ್ಡೆ ಕೆಳಗೆ ತೂರಿಸಿ ತನ್ನ ಕಡೆ ಸುತ್ತಿ ಎತ್ತಬೇಕು. ಬೂಮನ್ನ ಅಡ್ಡಕ್ಕೆ ಬೀಸಿ ಬೊಡ್ಡೆಗೆ ಗುದ್ದೋದು ತಪ್ಪು. ಜೆಸಿಬಿಯ ಹಿಂದಿನ ತೋಳು ಎಳೆಯೋಕೆ ಮಾಡಿದ್ದು, ಅಡ್ಡ ಹೊಡೆತಕ್ಕೆ ಪಿನ್ನು ಬುಷ್ ಸಡಿಲ ಆಗುತ್ತೆ, ಹೋಸ್ ಒಡೆಯುತ್ತೆ, ಅರ್ಧ ದಿನ ಅಲ್ಲೇ ಹೋಗುತ್ತೆ. ಎಳೆಯುವಾಗ ಯಂತ್ರದ ಹಿಂಭಾಗ ನೆಲ ಬಿಟ್ಟು ಮೇಲೇಳ್ತಾ ಇದ್ದರೆ ಬೇರು ಇನ್ನೂ ಹರಿದಿಲ್ಲ ಅಂತ ಅರ್ಥ. ಇನ್ನೊಂದು ಪಕ್ಕ ಬಗೀಬೇಕು.

ಶ್ರೀನಿವಾಸಪುರದವರ ಮರುಪ್ರಶ್ನೆ: ಬೇರು ಪೂರ್ತಿ ಬರಬೇಕಾ? ತುಂಡಾಗಿ ಉಳಿದದ್ದು ಮತ್ತೆ ಚಿಗುರಲ್ವಾ?

ಉತ್ತರ (ಗುತ್ತಿಗೆದಾರರು): ನೀಲಗಿರಿ ಚಿಗುರೋದು ಬುಡದ ಗಂಟಿನಿಂದ. ಬೊಡ್ಡೆ ನೆಲಕ್ಕೆ ತಾಗೋ ಜಾಗದಲ್ಲಿ, ಅದರ ಸ್ವಲ್ಪ ಕೆಳಗೂ ಉಬ್ಬಿದ ಗಂಟು ಕಾಣುತ್ತೆ, ಕೆಂಪು ಚಿಗುರು ಗೊಂಚಲಾಗಿ ಬರೋದು ಅಲ್ಲಿಂದಲೇ. ಆ ಗಂಟು ಇಡಿಯಾಗಿ ಬಂದರೆ ಸಾಕು, ಕೆಳಗೆ ಹರಿದು ಉಳಿದ ಬೇರು ಚಿಗುರಲ್ಲ. ಬೊಡ್ಡೆ ಸೀಳಿ ಅರ್ಧ ನೆಲದಲ್ಲೇ ಉಳಿದರೆ ಮಾತ್ರ ಚಿಗುರು ಖಂಡಿತ. ಎತ್ತಿದ ಪ್ರತಿ ಬೊಡ್ಡೆಯನ್ನ ಮಗುಚಿ ಗಂಟು ಸುತ್ತಲೂ ಇದೆಯಾ ಅಂತ ನೋಡೋಕೆ ಯಂತ್ರದ ಹಿಂದೆ ಒಬ್ಬರನ್ನ ಬಿಡಿ. ಬಕೆಟ್ ಬೀಸೋ ಸುತ್ತಳತೆಯಿಂದ ಅವರು ಆಚೆ ಇರಬೇಕು.

ಕೂಲಿ ಬೇಡ ಅನ್ನೋರ ಬಗ್ಗೆ: ಅವರಿಗೆ ಬೇಕಿರೋದು ಸೌದೆ. ಒಪ್ಪಂದ ಕೆಟ್ಟದ್ದೇನಲ್ಲ, ಆದರೆ ಗುಂಡಿ ಯಾರು ಮುಚ್ಚಬೇಕು, ಸೌದೆಗೆ ಬಾರದ ಸಣ್ಣ ಬೊಡ್ಡೆ ಯಾರು ಕೀಳಬೇಕು, ಎಷ್ಟು ದಿನದಲ್ಲಿ ಮುಗಿಸಬೇಕು, ಈ ಮೂರನ್ನ ಕಾಗದದಲ್ಲಿ ಬರೆಸ್ಕೊಳ್ಳಿ. ಇಲ್ಲಾಂದ್ರೆ ದಪ್ಪದ್ದೆಲ್ಲಾ ಕಿತ್ತುಕೊಂಡು, ಸಾವಿರ ಗುಂಡಿ ನಿಮಗೆ ಬಿಟ್ಟು ಹೋಗ್ತಾರೆ. ಆ ಗುಂಡಿ ಮುಚ್ಚಿಸೋ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡೀರಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಗಂಟೆ ಲೆಕ್ಕದಲ್ಲಿ ಯಾವಾಗಲೂ ತಕರಾರು ಬರುತ್ತೆ. ಹೇಗೆ ತಪ್ಪಿಸೋದು?

ಉತ್ತರ (ಗುತ್ತಿಗೆದಾರರು): ಯಂತ್ರದ ಅವರ್ ಮೀಟರಿನ ಕೊನೇ ಅಂಕಿ ಗಂಟೆಯ ಹತ್ತನೇ ಒಂದು ಪಾಲು, ಅಂದ್ರೆ 6 ನಿಮಿಷ. 4512.3 ಇದ್ದದ್ದು 4512.8 ಆದರೆ ಕಳೆದದ್ದು 30 ನಿಮಿಷ, ಐದು ನಿಮಿಷ ಅಲ್ಲ. ಶುರು ಮಾಡುವಾಗ, ಊಟಕ್ಕೆ ನಿಲ್ಲಿಸುವಾಗ, ಸಂಜೆ, ಮೂರು ಸಲವೂ ಮೀಟರಿನ ಫೋಟೋ ತೆಗೀರಿ. ಎಂಜಿನ್ ಸುಮ್ಮನೆ ಓಡ್ತಿದ್ದರೂ ಮೀಟರ್ ಓಡುತ್ತೆ, ಹಾಗಾಗಿ ಚಹಾ ಫೋನಿಗೆ ನಿಂತಾಗ ಎಂಜಿನ್ ಆಫ್ ಅಂತ ಮೊದಲೇ ಮಾತಾಡಿ. ರಿಪೇರಿ ಹೊತ್ತು ಬಾಡಿಗೆಗೆ ಸೇರಲ್ಲ. ಡೀಸೆಲ್ ಯಾರದ್ದು, ದಿನಕ್ಕೆ ಕನಿಷ್ಠ ಎಷ್ಟು ಗಂಟೆ, ಮಧ್ಯೆ ಮಳೆ ಬಂದರೆ ಟ್ರೈಲರ್ ವಾಪಸ್ ಖರ್ಚು ಯಾರದ್ದು ಅನ್ನೋದೂ ಮುಂಚೆಯೇ ತೀರ್ಮಾನ ಆಗಲಿ.

ಯಂತ್ರ ಇಳಿಯೋ ಮೊದಲು ಎಲ್ಲೆ ಕಲ್ಲಿಗೆ ಸುಣ್ಣ ಬಳಿದು ಪಕ್ಕದಲ್ಲಿ ಕೋಲು ನೆಡಿ. ಬೋರ್‌ವೆಲ್ ಪೈಪ್, ಕೇಬಲ್ ಹೋಗೋ ದಾರಿಗೂ ಸುಣ್ಣದ ಗೆರೆ ಎಳೀರಿ. ಮೇಲೆ ಕರೆಂಟ್ ತಂತಿ ಇದ್ದರೆ ಅದರ ಕೆಳಗಿನ ಸಾಲಿಗೆ ಹಿಟಾಚಿ ಬೇಡವೇ ಬೇಡ. ಬೊಡ್ಡೆ ಹಿಡಿದು ಎತ್ತಿದ ತೋಳು ಎಷ್ಟು ಮೇಲೆ ಹೋಯ್ತು ಅಂತ ಕ್ಯಾಬಿನ್‌ನಲ್ಲಿ ಕೂತವನಿಗೆ ಅಂದಾಜು ಸಿಗಲ್ಲ.

ಪ್ರಶ್ನೆ: ಅರಣ್ಯ ಇಲಾಖೆ ಅನುಮತಿ ಬೇಕಾ?

ಉತ್ತರ (ಗುಂಪಿನ ನಿರ್ವಾಹಕರು): ಸ್ವಂತ ಹಿಡುವಳಿಯ ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಬಳ್ಳಾರಿ ಜಾಲಿ ಕಡಿಯೋಕೆ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ತೋಪಿನ ನಡುವೆ ತಾನಾಗಿ ಹುಟ್ಟಿದ ಹೊನ್ನೆ, ಶ್ರೀಗಂಧ ಇದ್ದರೆ ಅವಕ್ಕೆ ಈ ವಿನಾಯಿತಿ ಇಲ್ಲ. ಒಂದು ದಿನ ಮೊದಲೇ ಹೊಲ ಸುತ್ತಿ ಅಂಥ ಮರಕ್ಕೆಲ್ಲಾ ಬಣ್ಣ ಬಳೀರಿ. ಪಹಣಿಯಲ್ಲಿ ಅರಣ್ಯ, ಗೋಮಾಳ ಅನ್ನೋ ಪದ ಕಂಡರೆ ಯಂತ್ರ ಕರೆಸೋದನ್ನ ನಿಲ್ಲಿಸಿ.

ಪ್ರಶ್ನೆ (ಸಿಂಧನೂರು ಕಡೆಯವರು): ನಮ್ಮದು ಎರೆ ಭೂಮಿ, ಪೂರ್ತಿ ಬಳ್ಳಾರಿ ಜಾಲಿ. ಇದೇ ವಿಧಾನ ನಡೀತದೇನ್ರಿ?

ಉತ್ತರ (ಗುತ್ತಿಗೆದಾರರು): ಹದದ ವಿಷಯ ನಿಮಗೆ ತಿರುಗಾಮುರುಗಾ. ಎರೆ ಮಣ್ಣಿಗೆ ಮಳೆ ಬಿದ್ದ ಮೇಲೆ ಯಂತ್ರ ಇಳಿಸಿದರೆ ಹೂತುಕೊಳ್ಳುತ್ತೆ, ಬೊಡ್ಡೆಗೆ ಮೆತ್ತಿದ ಮಣ್ಣು ಉದುರಲ್ಲ. ಜನವರಿಯಿಂದ ಮಾರ್ಚ್ ಒಳಗೆ ಮಾಡಿ. ಟಯರ್ ಗಾಡಿ ಬೇಡ, ಜಾಲಿ ಮುಳ್ಳು ಟಯರ್ ಉಳಿಸಲ್ಲ, ಚೈನ್ ಗಾಡಿನೇ ತರಿಸಿ. ಜಾಲಿ ನೆಲದೊಳಗಿನ ಬುಡದಿಂದಲೂ ಚಿಗುರುತ್ತೆ, ನೆಲದ ಸಮಕ್ಕೆ ಕೆರೆದು ಬಿಟ್ಟರೆ ಮಳೆಗಾಲಕ್ಕೆ ಮೊದಲಿಗಿಂತ ದಟ್ಟ ಪೊದೆ. ಒಂದು ಅಡಿ ಕೆಳಗಿನ ತನಕ ಬುಡ ಬರಬೇಕು. ಕಾಯಿ ತಿಂದ ದನ ಕುರಿಯ ಸಗಣಿಯಲ್ಲಿ ಬೀಜ ಜೀವಂತ ಬರೋದರಿಂದ ಮುಂದಿನ ಎರಡು ಮೂರು ವರ್ಷ ಸಸಿ ಕೀಳ್ತಾನೇ ಇರಬೇಕು.

ಪ್ರಶ್ನೆ (ಶ್ರೀನಿವಾಸಪುರದವರು): ಕಿತ್ತ ಮೇಲೆ ತಕ್ಷಣ ಮಾವಿನ ಗಿಡ ಇಡಬಹುದಾ?

ಉತ್ತರ (ಮಣ್ಣು ವಿಷಯದ ಸಲಹೆಗಾರರು): ಇಡಬೇಡಿ. ಬೊಡ್ಡೆ ಎತ್ತಿದ ಕೂಡಲೇ ಬಕೆಟ್‌ನಲ್ಲೇ ಕುಲುಕಿ ಮಣ್ಣು ಅದೇ ಗುಂಡಿಗೆ ಬೀಳಿಸಬೇಕು. ಹಸಿ ಮಣ್ಣು ಸಮೇತ ಬದುವಿಗೆ ತಳ್ಳಿದರೆ ಹೊಲದ ಸಾರವೆಲ್ಲಾ ಬದುವಲ್ಲಿ ಗುಡ್ಡೆಯಾಗುತ್ತೆ. ಎರಡು ಮೂರು ವಾರ ಒಣಗಲು ಬಿಟ್ಟು ಇನ್ನೊಮ್ಮೆ ಬಡಿದರೆ ಉಳಿದ ಮಣ್ಣೂ ಉದುರುತ್ತೆ, ಸೌದೆಯೂ ಹಗುರ. ಗುಂಡಿಗೆ ಮೊದಲು ಕೆಳಗಿನ ಮಣ್ಣು, ಗರಸು, ಮೇಲಕ್ಕೆ ಕಪ್ಪಗಿರೋ ಮೇಲ್ಮಣ್ಣು. ಅಡಿಗೊಮ್ಮೆ ಬಕೆಟ್‌ನಿಂದ ಒತ್ತಿ, ಕೊನೆಗೆ ಅರ್ಧ ಅಡಿ ದಿಬ್ಬ ಬಿಡಿ. ಮಳೆಗೆ ಅದು ಕೂತು ಸಮ ಆಗುತ್ತೆ.

ಆಮೇಲೆ ಉದ್ದಕ್ಕೂ ಅಡ್ಡಕ್ಕೂ ಉಳುಮೆ ಮಾಡಿಸಿ ಬೇರು ಆರಿಸಿ. ಒಳಗೆ ಉಳಿದ ಬೇರನ್ನ ಕೊಳೆಸೋ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕ ಹೀರಿಕೊಳ್ಳುತ್ತವೆ, ಮೊದಲ ವರ್ಷ ರಾಗಿ ಹಳದಿ ತಿರುಗೋದು ಇದಕ್ಕೇ. ಹಾಗಾಗಿ ಆ ವರ್ಷ ಹುರುಳಿ ಅಥವಾ ಅವರೆ ಹಾಕಿ, ಇಲ್ಲಾ ಹಸಿರೆಲೆ ಗೊಬ್ಬರದ ಸೆಣಬು ಬಿತ್ತಿ ಹೂ ಬರೋ ಹೊತ್ತಿಗೆ ಮಣ್ಣಿಗೆ ಸೇರಿಸಿ. ಸತ್ತ ಬೇರಿಗೆ ಗೆದ್ದಲೂ ಬರುತ್ತೆ, ಅದೇ ಗೆದ್ದಲು ಎಳೆ ಮಾವಿನ ಬುಡಕ್ಕೂ ಬೀಳುತ್ತೆ. ಎರಡನೇ ಮುಂಗಾರಿಗೆ ಗಿಡ ಇಡಿ. ಗುಂಡಿಯನ್ನ ಹಳೇ ಬೊಡ್ಡೆ ಇದ್ದ ಜಾಗ ತಪ್ಪಿಸಿ, ಎರಡು ಸಾಲಿನ ನಡುವೆ ತೆಗೆಸಿ.