ಪದ ಬೇಕಾಗಿದೆ: ಹಳೇ ಕಾರ್ಟೂನ್‌ಗಳ ಕಪಾಟಿಗೆ ಏನಂತ ಬರೆಸಲಿ?

ಮಡಿಕೇರಿಯಿಂದ:

ಎಲ್ಲರಿಗೂ ನಮಸ್ಕಾರ. ಶನಿವಾರದೊಳಗೆ ಎರಡು ಪದ ಬೇಕು. ನಮ್ಮ ಸೋದರಮಾವ ಮೂವತ್ತು ವರ್ಷದಿಂದ ಸೇರಿಸಿಟ್ಟ ಕಾರ್ಟೂನ್ ಕ್ಯಾಸೆಟ್ಟು, ಡಿವಿಡಿ, ಬ್ಲೂ-ರೇಗಳನ್ನು ಇಲ್ಲಿನ ಮಕ್ಕಳ ಲೈಬ್ರರಿಗೆ ಕೊಡುತ್ತಿದ್ದಾರೆ. ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆ ಹಿಡಿದರೆ ಕ್ಯಾಸೆಟ್ಟಿನ ಪುಟ್ಟ ಕಿಟಕಿಯೊಳಗೆ ಬಿಳಿ ಬೂಷ್ಟು ಕಾಣುತ್ತಿತ್ತು. ಬೀರುವಿನೊಳಗೆ ಹಗಲೂ ರಾತ್ರಿ ಒಂದು ಬಲ್ಬು ಉರಿಸಿ ಉಳಿಸಿಕೊಂಡಿದ್ದಾರೆ.

ಈಗ ಕಪಾಟಿಗೊಂದು ಬೋರ್ಡು ಬೇಕು. ಬರೆಯುವವನು ಅಕ್ಷರಕ್ಕಿಷ್ಟು ಅಂತ ದುಡ್ಡು ಕೇಳುತ್ತಾನೆ, ಉದ್ದುದ್ದ ಸಮಾಸ ಬೇಡ. ಟಾಕೀಸಿನಲ್ಲಿ ದೊಡ್ಡ ಸಿನಿಮಾಕ್ಕೆ ಮೊದಲು ಹಾಕುತ್ತಿದ್ದ ಏಳೆಂಟು ನಿಮಿಷದ ಕಾರ್ಟೂನಿಗೆ ಏನನ್ನೋಣ? ವ್ಯಂಗ್ಯಚಿತ್ರ ಅಂದರೆ ಪೇಪರಿನಲ್ಲಿ ಬರುವುದು. ಟಾಮ್ ಅಂಡ್ ಜೆರ್ರಿಯಲ್ಲಿ ಬಾಣಲೆ ಏಟು ಇದೆ, ವ್ಯಂಗ್ಯ ಎಲ್ಲಿದೆ?

ಇನ್ನೊಂದು, ಡಬ್ಬದ ಮೇಲಿರುವ ‘ರೀಸ್ಟೋರ್ಡ್’. ನನಗೆ ಹೊಳೆದದ್ದು ಜೀರ್ಣೋದ್ಧಾರ. ಮಾವ ನಕ್ಕುಬಿಟ್ಟರು. “ರಸೀದಿ ಪುಸ್ತಕ ಎಲ್ಲಿ ಅಂತ ಕೇಳ್ತಾರೆ ಕಣೋ.”

ಧಾರವಾಡದಿಂದ:

ಪರಿಷ್ಕೃತ. ಇದಕ್ಕೆಲ್ಲ ಚರ್ಚೆ ಯಾಕೆ?

ಮೈಸೂರಿನಿಂದ:

ಮೊದಲನೆಯದಕ್ಕೆ ‘ಓಡುಗೆರೆ’. ಗೆರೆ ಓಡುತ್ತದೆ, ಅಷ್ಟೇ. ಕಾರ್ಟೂನ್ ಬಿಟ್ಟುಬಿಡಿ. ಅದು ಇಂಗ್ಲಿಷಿನ ಸ್ವಂತ ಪದವೂ ಅಲ್ಲ, ಇಟಲಿಯವರ ‘ಕಾರ್ತೋನೆ’, ಅಂದರೆ ದಪ್ಪ ಕಾಗದ. ಕೊಡಗಿನಲ್ಲಿದ್ದುಕೊಂಡು ಇದನ್ನು ಕೇಳುತ್ತೀರಲ್ಲ! ನಿಮ್ಮ ಕೋವಿಯನ್ನೇ ನೋಡಿ. ಕೋವಿ ಅಂದರೆ ಕೊಳವೆ. ಮದ್ದುಗುಂಡಿನ ಹೊಸ ಆಯುಧ ಬಂದಾಗ ಪದ ಹುಡುಕಿಕೊಂಡು ಯಾರೂ ಪರ್ಷಿಯಾಕ್ಕೆ ಹೋಗಲಿಲ್ಲ, ಮನೆಯಲ್ಲಿದ್ದ ಕೊಳವೆಯ ಹೆಸರನ್ನೇ ಕೊಟ್ಟರು. ಪದ ಕಟ್ಟುವುದು ಅಂದರೆ ಅದು.

ಸಿದ್ದಾಪುರದಿಂದ:

ಓಡುಗೆರೆ ಅಂದರೆ ಸ್ಪೋರ್ಟ್ಸ್ ಡೇಗೆ ಮೈದಾನದಲ್ಲಿ ಸುಣ್ಣದಿಂದ ಎಳೆಯುವ ಗೆರೆ ಅನ್ನಿಸುತ್ತದೆ. ಇನ್ನು ಆ ದಪ್ಪ ಕಾಗದ. ಮೊದಲು ಗೋಡೆಚಿತ್ರಕ್ಕೆ ಮುಂಚೆ ಬರೆದುಕೊಳ್ಳುವ ದೊಡ್ಡ ನಕ್ಷೆಗೆ ಆ ಹೆಸರಿತ್ತು. 1843ರಲ್ಲಿ ಲಂಡನ್ನಿನ ಪಂಚ್ ಪತ್ರಿಕೆ ಅದನ್ನು ತಮಾಷೆಯ ಚಿತ್ರಕ್ಕೆ ಹಚ್ಚಿತು. ಆಮೇಲೆ ಸಿನಿಮಾದವರು ತೆಗೆದುಕೊಂಡರು. ನಿಮ್ಮ ಕೋವಿ ಮಾಡಿದ್ದೂ ಇದನ್ನೇ ಅಲ್ವಾ ಸರ್? ಅದು ಮಾಡಿದರೆ ಜಾಣತನ, ಕಾರ್ಟೂನ್ ಮಾಡಿದರೆ ತಪ್ಪಾ? ಕೋವಿ ನೆನಪಾದವರಿಗೆ ಕಾಫಿ ಯಾಕೆ ನೆನಪಾಗಲಿಲ್ಲವೋ. ಅದು ಅರಬರದ್ದು.

ಪರಿಷ್ಕೃತ ಮಾತ್ರ ಖಂಡಿತ ಬೇಡ. ಪುಸ್ತಕದ ಮೇಲೆ ‘ಪರಿಷ್ಕೃತ ಮುದ್ರಣ’ ಅಂತಿದ್ದರೆ ಒಳಗಿನ ಮಾತು ಬದಲಾಗಿದೆ ಎಂದರ್ಥ. ನಮ್ಮಂಥ ಸಂಗ್ರಹದವರು ಹೆದರುವುದೇ ಅದಕ್ಕೆ. 2011ರಲ್ಲಿ ಟಾಮ್ ಅಂಡ್ ಜೆರ್ರಿಯ 37 ಕಾರ್ಟೂನ್‌ಗಳ ಬ್ಲೂ-ರೇ ಬಂತು, 1940ರಿಂದ 1948ರವರೆಗಿನವು, ಬಿಡುಗಡೆಯಾದ ಸಾಲಿನಲ್ಲೇ. ಎರಡನೇ ಸಂಪುಟ 2013ಕ್ಕೆ ಬರಬೇಕಿತ್ತು. ಅದರಲ್ಲಿ ಎರಡು ಕಾರ್ಟೂನ್ ಬಿಟ್ಟಿದ್ದಾರೆ ಎಂದು ತಿಳಿದು ಜನ ಗಲಾಟೆ ಎಬ್ಬಿಸಿದರು. ಆ ಸಂಪುಟ ಅಂಗಡಿ ಮುಖ ನೋಡಲಿಲ್ಲ.

ರೀಸ್ಟೋರ್ ಮಾಡುವುದು ಅಂದರೆ ಸಿಕ್ಕಿದ್ದರಲ್ಲಿ ಒಳ್ಳೆಯ ಫಿಲ್ಮು ಹುಡುಕಿ, ಧೂಳು ಗೀರು ತೆಗೆದು, ಮೊದಲಿನ ಬಣ್ಣಕ್ಕೆ ತರುವುದು. ಕಂಪ್ಯೂಟರಿಗೆ ಪೂರ್ತಿ ಬಿಟ್ಟರೆ ಬೇಗ ಸರಿಯುವ ಶಾಯಿಯ ಗೆರೆಯನ್ನೂ ಗೀರು ಅಂದುಕೊಂಡು ಒರೆಸಿಬಿಡುತ್ತದೆ. ಅಂಥದ್ದೊಂದು ಡಿಸ್ಕು ನನ್ನ ಹತ್ತಿರ ಇದೆ. ಬಾತುಕೋಳಿ ರೆಕ್ಕೆ ಬೀಸಿದಾಗೆಲ್ಲ ರೆಕ್ಕೆಯ ಅಂಚೇ ಮಾಯ.

ಮೈಸೂರಿನಿಂದ:

ಕಾಫಿ ಗಿಡವೇ ನಮ್ಮಲ್ಲಿರಲಿಲ್ಲ, ಗಿಡದ ಜೊತೆ ಹೆಸರೂ ಬಂತು. ಗೆರೆ ನಮ್ಮಲ್ಲಿತ್ತು. ಓಟವೂ ಇತ್ತು. ಇಲ್ಲದ್ದು ಪದ ಕಟ್ಟುವ ಮನಸ್ಸು ಮಾತ್ರ.

ವಿರಾಜಪೇಟೆಯಿಂದ:

ನಮ್ಮ ಮನೆಯಲ್ಲಿ ಕೊಡವ ತಕ್ಕ್, ಹೊರಗೆ ಕನ್ನಡ. ಮಕ್ಕಳು ಎರಡರಲ್ಲೂ ಅನ್ನುವುದು ಕಾರ್ಟೂನ್ ಅಂತಲೇ. ಅವರಿಗೆ ಮೊದಲು ಓಡುಗೆರೆ ಕಲಿಸಿ ಆಮೇಲೆ ಕಪಾಟು ತೋರಿಸಬೇಕಾ? ಕಿರುಚಿತ್ರ ಅಂತ ಬರೆಸಬೇಡಿ. ಈಗ ಅದು ಯೂಟ್ಯೂಬಿನಲ್ಲಿ ಕೊನೆಗೊಂದು ಬುದ್ಧಿಮಾತು ಹೇಳಿ ಮುಗಿಯುವ ಸಿನಿಮಾಕ್ಕೆ ಅಂಟಿಕೊಂಡಿದೆ. ಕಿರುಗತೆ ಇದೆಯಲ್ಲ, ಹಾಗೇ ‘ಕಿರುಗಾರ್ಟೂನ್’ ಅಂದರೆ?

ರೀಸ್ಟೋರ್ಡ್‌ಗೆ ನನ್ನದೊಂದು ಮಾತು. ಅಜ್ಜಿಯ ಜೋಮಾಲೆಯನ್ನು, ಅಂದರೆ ಚಿನ್ನದ ಗುಂಡಿನ ಸರವನ್ನು, ಅಕ್ಕಸಾಲಿಗರ ಹತ್ತಿರ ತೊಳೆಸುವುದು ಬೇರೆ, ಮುರಿಸಿ ಮಾಡಿಸುವುದು ಬೇರೆ. ತೊಳೆಸಿದರೆ ಗುಂಡು ಅವೇ, ಕೊಳೆ ಮಾತ್ರ ಹೋಗುತ್ತದೆ. ಜಾಸ್ತಿ ತಿಕ್ಕಿದರೆ ಚಿನ್ನವೂ ಹೋಗುತ್ತದೆ, ಆ ಬಾತುಕೋಳಿಯ ರೆಕ್ಕೆ ಹೋದ ಹಾಗೆ. ‘ತೊಳೆದ ಪ್ರತಿ’ ಅನ್ನಿ.

ಧಾರವಾಡದಿಂದ:

ಕಿರುಗಾರ್ಟೂನ್! ಆದೇಶ ಸಂಧಿಯನ್ನು ಇಂಗ್ಲಿಷ್ ಪದದ ಮೇಲೆ ಹೇರಿದ್ದನ್ನು ಇವತ್ತೇ ಕಂಡೆ. ಪ್ರತಿಯನ್ನು ತೊಳೆದರೆ ಒದ್ದೆಯಾಗುತ್ತದೆ.

ವಿರಾಜಪೇಟೆಯಿಂದ:

ಒಡವೆ ತೊಳೆಸಿದ ಮನೆಯಲ್ಲಿ ಯಾರಿಗೂ ಆ ಅನುಮಾನ ಬರಲ್ಲ ಬಿಡಿ.

ಮೈಸೂರಿನಿಂದ:

‘ಪ್ರತಿ’ಯೂ ಸಂಸ್ಕೃತವೇ. ಸುಮ್ನೆ ‘ತೊಳೆದದ್ದು’ ಸಾಕು.

ಮಡಿಕೇರಿಯಿಂದ:

ಎಲ್ಲರಿಗೂ ಥ್ಯಾಂಕ್ಸ್. ಮಾವನಿಗೆ ಎಲ್ಲವನ್ನೂ ಓದಿ ಹೇಳಿದೆ. ಜೋಮಾಲೆಯ ಮಾತು ಅವರಿಗೆ ಹಿಡಿಸಿತು. ಡಬ್ಬಗಳಿಗೆ ಅವರೇ ಕೂತು ಚೀಟಿ ಅಂಟಿಸಿದರು. ಕೆಲವಕ್ಕೆ ‘ತೊಳೆದ ಪ್ರತಿ’, ಕೆಲವಕ್ಕೆ ‘ಕತ್ತರಿ ಬೀಳದ್ದು’. ಇನ್ನು ನಾಲ್ಕಕ್ಕೆ ‘ಜಾಸ್ತಿ ತಿಕ್ಕಿದ್ದು’ ಅಂತ ಸಣ್ಣಕ್ಷರದಲ್ಲಿ ಬರೆದಿದ್ದಾರೆ.

ಬೋರ್ಡಿಗೆ ‘ಹಳೇ ಕಾರ್ಟೂನ್’ ಅಂತ ಕೊಟ್ಟೆ. ಬರೆಯುವವನ ಲೆಕ್ಕದಲ್ಲಿ ಐದೇ ಅಕ್ಷರ. ಆದರೆ ನಿನ್ನೆ ನೋಡಿದರೆ ‘ಕಾರ್ಟುನ್’ ಅಂತ ದೀರ್ಘ ನುಂಗಿದ್ದಾನೆ. ತಿದ್ದು ಅಂದರೆ ಆ ಒಂದು ಅಕ್ಷರಕ್ಕೆ ಇನ್ನೊಂದು ಸಲ ದುಡ್ಡು ಕೇಳುತ್ತಿದ್ದಾನೆ.