ಸಹಾಯ ಬೇಕು: ಜಿರ್ಕೋನಿಯಾ ಕ್ರೌನ್ ಅಂಚು ಒಡೆಯುತ್ತಿದೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ಡೆಂಟಲ್ ಲ್ಯಾಬ್ ಇದೆ. ಇಷ್ಟು ದಿನ ಮೆಟಲ್ ಸೆರಾಮಿಕ್ (ಲೋಹದ ಮೇಲೆ ಪಿಂಗಾಣಿ ಹಚ್ಚಿದ ಹಲ್ಲು) ಕೆಲಸವೇ ಜಾಸ್ತಿ. ಹೋದ ತಿಂಗಳು ಜಿರ್ಕೋನಿಯಾ (ಗಟ್ಟಿ ಬಿಳಿ ಸೆರಾಮಿಕ್) ಡಿಸ್ಕ್‌ನಿಂದ ಕ್ರೌನ್, ಅಂದರೆ ಹಲ್ಲಿನ ಕ್ಯಾಪ್, ನೀರಿಲ್ಲದೆ ಕೊರೆಯುವ 5 ಆಕ್ಸಿಸ್ ಡ್ರೈ ಮಿಲ್ಲಿಂಗ್ ಮಷಿನ್ ತಂದು ಕೂರಿಸಿದ್ದೇವೆ, 98 ಎಂಎಂ ಡಿಸ್ಕ್ ಹಿಡಿಯುವಂಥದ್ದು.

ಈಗ ಕ್ರೌನ್‌ಗಳ ಅಂಚು ಒಡೆಯುತ್ತಿದೆ. ಅದೂ ಕೆನ್ನೆ ಬದಿಗೆ ಮಾತ್ರ. ಲೂಪ್ (ಭೂತಗನ್ನಡಿ) ಹಾಕಿ ನೋಡಿದರೆ ಇಲಿ ಕಚ್ಚಿದ ಹಾಗೆ ಕಾಣುತ್ತದೆ. ಹೊಸ ಬರ್ (ಕೊರೆಯುವ ಟೂಲ್) ಹಾಕಿದೆ, ಎರಡು ಸಲ ಕ್ಯಾಲಿಬ್ರೇಷನ್ ಮಾಡಿದೆ. ಡಿಸ್ಕ್ ಮೇಲಿನ ಶ್ರಿಂಕೇಜ್ ಫ್ಯಾಕ್ಟರ್ (ಸುಟ್ಟಾಗ ಎಷ್ಟು ಕುಗ್ಗುತ್ತದೆ ಎಂಬ ಅಂಕಿ) ಸರಿಯಾಗಿಯೇ ಕೊಟ್ಟಿದ್ದೇನೆ. ಸಿಂಟರ್ ಆದ ಮೇಲೆ, ಅಂದರೆ ಫರ್ನೇಸ್‌ನಲ್ಲಿ ಸುಟ್ಟ ಮೇಲೆ, ಫಿಟ್ಟಿಂಗ್ ಚೆನ್ನಾಗಿದೆ, ಹಾಗಾಗಿ ಅಳತೆಯ ತಪ್ಪಲ್ಲ ಅನಿಸುತ್ತದೆ.

ನನಗೆ ಮಷಿನ್‌ಗೆ ಗಾಳಿ ಕೊಡುವ ಕಂಪ್ರೆಸರ್ ಮೇಲೆ ಅನುಮಾನ. ನಿನ್ನೆ ಏರ್ ಪೈಪ್ ಬಿಚ್ಚಿದಾಗ ಅಂಗೈ ಮೇಲೆ ನೀರಿನ ಹನಿ ಬಿತ್ತು. ಡ್ರೈಯರ್ ಇಲ್ಲ, ಸಣ್ಣ ಫಿಲ್ಟರ್ ಅಷ್ಟೇ. ಗಾಳಿಯಲ್ಲಿ ತೇವ ಇದ್ದರೆ ಪುಡಿ ಅಂಟಿಕೊಂಡು ಸ್ಪಿಂಡಲ್ (ಬರ್ ತಿರುಗಿಸುವ ಭಾಗ) ಕೂಡ ಹಾಳಾಗುತ್ತದೆ ಅಲ್ವಾ? ಮಷಿನ್ ಇಟ್ಟ ಟೇಬಲ್ ಬೇರೆ ಸ್ವಲ್ಪ ಅದುರುತ್ತದೆ.

ಮೊದಲು ಯಾವುದನ್ನು ಸರಿಮಾಡಲಿ? ಡಿಸೈನ್‌ನಲ್ಲಿ ಅಂಚಿನ ದಪ್ಪ ನೀವು ಎಷ್ಟು ಇಡುತ್ತೀರಿ? ಸರ್ವೀಸ್‌ನವರು ಮುಂದಿನ ವಾರ ಬರುತ್ತೇವೆ ಅಂದಿದ್ದಾರೆ. ಇಲ್ಲಿ ಮೂರು ಕೇಸ್ ಟ್ರೇನಲ್ಲೇ ಕೂತಿವೆ, ಸುಮ್ನೆ ಡಿಸ್ಕ್ ಹಾಳು ಮಾಡೋಕೆ ಮನಸ್ಸಿಲ್ಲ. ಗೊತ್ತಿರೋರು ದಯವಿಟ್ಟು ತಿಳಿಸಿ.